ಜಪಾನೀ ಲಿಪಿಸಂಕೇತಗಳೂ ಅವುಗಳ ಯೂನಿಕೋಡ್ ಪರಿವರ್ತನೆಯೂ

ಓಲೆಯ ಪ್ರತಿಯಿಂದ ಕಾಗದದ ಪ್ರತಿಯನ್ನು ಮಾಡುವ ಲಿಪಿಕಾರನು ಕೈಬರೆಹವನ್ನು ಮಾತ್ರ ಬದಲಾಯಿಸುತ್ತಾನೆ, ಗ್ರಂಥವನ್ನು ಬದಲಾಯಿಸುವುದಿಲ್ಲ ಎಂಬುದು ಲೋಕದ ನಂಬಿಕೆ. ಈ ನಂಬಿಕೆ ಎಷ್ಟರ ಮಟ್ಟಿಗೆ ನಿಲ್ಲತಕ್ಕದ್ದೆಂಬುದು ಗ್ರಂಥಸಂಪಾದನೆಯಲ್ಲಿ ಪರಿಶ್ರಮವುಳ್ಳವರಿಗೆ ವಿದಿತವೇ ಆಗಿದೆ. ಓಲೆಯಲ್ಲಿರುವುದು ಪಕಾರವೋ ವಕಾರವೋ ಎಂಬ ಸಂದೇಹ ಹುಟ್ಟಿದಲ್ಲಿ ಲಿಪಿಕಾರನು ಎರಡರಲ್ಲೊಂದನ್ನು ಆರಿಸಲೇಬೇಕು. ಆರಿಸಿದೊಡನೆ ಅವನು ಪಾಠನಿರ್ಣಯ ಮಾಡಿದವನೇ ಆಗುತ್ತಾನೆ. ಗಣಕಯಂತ್ರಗಳಲ್ಲಿ ಸಂಗ್ರಹವಾಗಿರುವ ಜಪಾನೀ ಬರೆಹಗಳನ್ನು ಹಳೆಯ ಸಂಕೇತಕ್ರಮಗಳಿಂದ ಯೂನಿಕೋಡ್ ಎಂಬ ಸಾರ್ವತ್ರಿಕ ಅಕ್ಷರಗಣಕ್ಕೆ ಮಾರ್ಪಡಿಸುವ ಕಾರ್ಯವೂ ಇದೇ ಬಗೆಯದು. ಇದು ಯಂತ್ರವು ಮಾಡುವ ಬರಿಯ ಎಣಿಕೆಯೆಂದು ಹಲವರು ತಿಳಿದಿರುವರು. ಎಣಿಕೆಯ ಭಾಗವು ಇದರಲ್ಲಿ ಉಂಟು, ನಿಜ. ಆದರೆ ಎಣಿಕೆ ಮುಗಿದೆಡೆಯಲ್ಲಿ ‘ಇದು ಯಾವ ಅಕ್ಷರ?’ ಎಂಬ ಪ್ರಶ್ನೆ ಉಳಿಯುತ್ತದೆ. ಅದಕ್ಕೆ ಯಾರಾದರೊಬ್ಬರು ಉತ್ತರ ಹೇಳಲೇಬೇಕು. ಉತ್ತರ ತಪ್ಪಿದರೆ ಗ್ರಂಥಕರ್ತನ ಹೆಸರು ತಪ್ಪುತ್ತದೆ, ಊರಿನ ಹೆಸರು ತಪ್ಪುತ್ತದೆ. ಇದನ್ನು ಉದಾಹರಣೆಗಳೊಡನೆ ನಿರೂಪಿಸುವುದೇ ಪ್ರಕೃತ ಲೇಖನದ ಉದ್ದೇಶ.

೧. ಲಿಪಿಯ ಸ್ವರೂಪ

ಜಪಾನೀಯರು ಒಂದೇ ವಾಕ್ಯದಲ್ಲಿ ಮೂರು ಲಿಪಿಗಳನ್ನು ಬಳಸುತ್ತಾರೆ. ಚೀನದಿಂದ ಬಂದ ಕಾಂಜಿ ಎಂಬುದು ಅರ್ಥಪ್ರಧಾನವಾದ ಲಿಪಿ. ಇದರ ಅಕ್ಷರಗಳು ಸಹಸ್ರ ಸಹಸ್ರ. ಹಿರಗಾನ, ಕತಕಾನ ಎಂಬೆರಡು ಉಚ್ಚಾರಣಪ್ರಧಾನವಾದ ಲಿಪಿಗಳು. ಇವುಗಳಲ್ಲಿ ಒಂದೊಂದಕ್ಕೆ ಸುಮಾರು ಐವತ್ತು ಮೂಲಾಕ್ಷರಗಳು. ಇವುಗಳ ಅನುಕ್ರಮವು ಸಂಸ್ಕೃತಜ್ಞರಿಗೆ ಅಪರಿಚಿತವಲ್ಲ. ಮೊದಲು ಐದು ಸ್ವರಗಳು, ಅನಂತರ ಕ, ಸ, ತ, ನ, ಹ, ಮ, ಯ, ರ, ವ ಎಂಬ ಸಾಲುಗಳು. ಇಲ್ಲಿಯ ಹಕಾರವು ಪ್ರಾಚೀನಕಾಲದಲ್ಲಿ ಪಕಾರವಾಗಿದ್ದುದನ್ನು ಲಕ್ಷಿಸಿದರೆ ನಮ್ಮ ವರ್ಣಮಾಲೆಯ ಕ್ರಮವೇ ಕಾಣುತ್ತದೆ. ಬೌದ್ಧ ಭಿಕ್ಷುಗಳು ಸಿದ್ಧಂ ಲಿಪಿಯ ಅಧ್ಯಯನದ ಮೂಲಕ ಈ ಕ್ರಮವನ್ನು ಅಲ್ಲಿಗೆ ಒಯ್ದರು.

ಗಣಕಯಂತ್ರವಾದರೋ ಅಕ್ಷರವನ್ನು ಅರಿಯದು. ಸಂಖ್ಯೆಯನ್ನು ಮಾತ್ರ ಅರಿಯುತ್ತದೆ. ಬೈಟ್ ಎಂಬುದು ಸೊನ್ನೆಯಿಂದ ೨೫೫ರ ವರೆಗಿನ ಒಂದು ಸಂಖ್ಯೆಯನ್ನು ಹಿಡಿಯುವ ಮನೆ. ಆಂಗ್ಲ ಭಾಷೆಗೆ ಅಕ್ಷರಕ್ಕೊಂದು ಬೈಟ್ ಸಾಕಾಗಿ ಮಿಗುತ್ತದೆ. ಜಪಾನಿನಲ್ಲಿ ೧೯೬೯ರಲ್ಲಿ ಏರ್ಪಟ್ಟ ಮೊದಲ ಮಾನಕವೂ ಒಂದೇ ಬೈಟಿನದು. ಅದರಲ್ಲಿ ರೋಮನ್ ಅಕ್ಷರಗಳೊಡನೆ ಕತಕಾನದ ೬೩ ಚಿಹ್ನೆಗಳಿಗೆ ಮಾತ್ರ ಎಡೆ ದೊರೆಯಿತು. ಕಾಂಜಿಗೆ ಒಂದು ಬೈಟ್ ಏನೇನೂ ಸಾಲದು.

೨. ಒಂದು ಕೋಶ, ಮೂರು ಸಂಕೇತಕ್ರಮಗಳು

ಈ ಕೊರತೆಯನ್ನು ನೀಗಿಸಿದುದು ೧೯೭೮ರ ‘ಜಿಸ್ ಸಿ ೬೨೨೬’ ಎಂಬ ಮಾನಕ. ಜಿಸ್ ಎಂಬುದು ಜಪಾನೀ ಕೈಗಾರಿಕಾ ಮಾನಕಗಳ ಸಂಕ್ಷಿಪ್ತ ನಾಮ. ಈ ಕೋಶವು ೯೪ ಸಾಲುಗಳೂ ಸಾಲಿಗೆ ೯೪ ಮನೆಗಳೂ ಉಳ್ಳ ಒಂದು ಚೌಕ. ಒಟ್ಟು ೮,೮೩೬ ಮನೆಗಳು. ಅವುಗಳಲ್ಲಿ ೬,೮೦೨ ಮನೆಗಳಿಗೆ ಅಕ್ಷರಗಳನ್ನು ತುಂಬಿದರು. ಕಾಂಜಿಗಳನ್ನು ಎರಡು ಹಂತಗಳಾಗಿ ವಿಂಗಡಿಸಿದರು. ನಿತ್ಯವ್ಯವಹಾರದ ೨,೯೬೫ ಅಕ್ಷರಗಳ ಮೊದಲನೆಯ ಹಂತವನ್ನು ಉಚ್ಚಾರಣೆಯ ಅನುಕ್ರಮದಲ್ಲಿಯೂ, ವಿರಳವಾದ ೩,೩೮೪ ಅಕ್ಷರಗಳ ಎರಡನೆಯ ಹಂತವನ್ನು ಮೂಲಾವಯವಗಳ ಅನುಕ್ರಮದಲ್ಲಿಯೂ ಇರಿಸಿದರು. ಕೋಶವು ೧೯೮೩ರಲ್ಲಿಯೂ ೧೯೯೦ರಲ್ಲಿಯೂ ಪರಿಷ್ಕೃತವಾಗಿ ೬,೮೭೯ ಅಕ್ಷರಗಳಿಗೆ ಬೆಳೆಯಿತು. ೧೯೮೭ರಿಂದ ಇದರ ಹೆಸರು ‘ಜಿಸ್ ಎಕ್ಸ್ ೦೨೦೮’.

ಕೋಶವು ಒಂದೇ ಆದರೂ ಅದರ ಸಾಲು-ಮನೆಗಳ ಸಂಖ್ಯೆಯನ್ನು ಬೈಟುಗಳಲ್ಲಿ ಬರೆಯುವ ಕ್ರಮಗಳು ಮೂರಾದುವು. ಮೊದಲನೆಯದು ಅಂಚೆಯ ಸಂದೇಶಗಳಲ್ಲಿ ರೂಢಿಯಾಗಿ, ೧೯೯೩ರಲ್ಲಿ ಲಿಖಿತ ನಿಯಮವಾದ ‘ಐಎಸ್ಒ-೨೦೨೨-ಜೆಪಿ’. ಇದರಲ್ಲಿ ‘ಇಲ್ಲಿಂದ ಮುಂದೆ ಕಾಂಜಿ ಕೋಶ’, ‘ಇಲ್ಲಿಂದ ಮುಂದೆ ರೋಮನ್’ ಎಂದು ಸೂಚಿಸುವ ಮೂರು ಬೈಟುಗಳ ಗುರುತುಗಳನ್ನು ನಡುನಡುವೆ ಇಡುತ್ತಾರೆ. ಎರಡನೆಯದು ಯೂನಿಕ್ಸ್ ಯಂತ್ರಗಳಲ್ಲಿ ಬಳಕೆಯಾದ ‘ಇಯುಸಿ’. ಮೂರನೆಯದು ಸ್ವಂತ ಬಳಕೆಯ ಗಣಕಗಳಲ್ಲಿ ೧೯೮೦ರ ದಶಕದ ಆದಿಯಿಂದ ಹಬ್ಬಿದ ‘ಷಿಫ್ಟ್ ಜಿಸ್’. ಹಳೆಯ ೬೩ ಕತಕಾನ ಚಿಹ್ನೆಗಳನ್ನು ಅವುಗಳ ಮನೆಗಳಿಂದ ಎಬ್ಬಿಸದೆ, ಉಳಿದ ತೆರಪಿನಲ್ಲಿ ಕೋಶವನ್ನು ಸರಿಸಿ ಕೂರಿಸಿದುದರಿಂದ ಇದಕ್ಕೆ ಈ ಹೆಸರು.

೩. ಗಣಿತದಿಂದ ಸಾಧ್ಯವಾದುದು, ಸಾಧ್ಯವಾಗದುದು

ಹಿರಗಾನದ ಅಕಾರವನ್ನು ತೆಗೆದುಕೊಳ್ಳಬಹುದು. ಕೋಶದಲ್ಲಿ ಇದು ೪ನೆಯ ಸಾಲಿನ ೨ನೆಯ ಮನೆ. ಒಂದೊಂದಕ್ಕೆ ೩೨ನ್ನು ಕೂಡಿದರೆ ೩೬, ೩೪ ಎಂಬ ಐಎಸ್ಒ ರೂಪ; ೧೬೦ನ್ನು ಕೂಡಿದರೆ ೧೬೪, ೧೬೨ ಎಂಬ ಇಯುಸಿ ರೂಪ. ಷಿಫ್ಟ್ ಜಿಸ್‌ನಲ್ಲಿ ಎರಡೆರಡು ಸಾಲುಗಳು ಒಂದೇ ಮೊದಲ ಬೈಟನ್ನು ಹಂಚಿಕೊಳ್ಳುವುದರಿಂದ ಲೆಕ್ಕ ಸ್ವಲ್ಪ ಜಟಿಲ; ಫಲ ೧೩೦, ೧೬೦. ಹೀಗೆ ಮೂರು ಕ್ರಮಗಳ ಪರಸ್ಪರ ಪರಿವರ್ತನೆ ಕೇವಲ ಗಣಿತದಿಂದ ಸಾಧ್ಯ. ಒಂದು ಹಾಡನ್ನು ಶ್ರುತಿ ಬದಲಾಯಿಸಿ ಹಾಡಿದಂತೆ ಇದು. ಸ್ವರಗಳ ಸಂಬಂಧ ಕೆಡುವುದಿಲ್ಲ.

ಯೂನಿಕೋಡ್ ಹಾಗಲ್ಲ. ಅದು ೧೯೯೧ರಲ್ಲಿ ಪ್ರಕಟವಾದ ಬೇರೊಂದು ಕೋಶ. ಹಿರಗಾನ ಕತಕಾನಗಳನ್ನು ಜಿಸ್ ಕ್ರಮದಲ್ಲಿಯೇ ಅದು ಸ್ವೀಕರಿಸಿತು. ಆದಕಾರಣ ಹಿರಗಾನದ ಮನೆಯ ಸಂಖ್ಯೆಗೆ ೧೨,೩೫೨ನ್ನು ಕೂಡಿದರೆ ಯೂನಿಕೋಡ್ ಸಂಖ್ಯೆ ಬರುತ್ತದೆ. ಮೇಲಿನ ಅಕಾರಕ್ಕೆ ೧೨,೩೫೪. ಆದರೆ ಕಾಂಜಿಗಳನ್ನು ಯೂನಿಕೋಡ್ ಚೀನದ ಕಾಂಗ್‌ಶಿ ನಿಘಂಟಿನಂತೆ ಮೂಲಾವಯವ ಮತ್ತು ಗೆರೆಗಳ ಎಣಿಕೆಯ ಕ್ರಮದಲ್ಲಿ ಇರಿಸಿದೆ. ಜಿಸ್ ಕೋಶದ ಮೊದಲ ಹಂತ ಉಚ್ಚಾರಣೆಯ ಕ್ರಮದ್ದು. ಅಮರಕೋಶದ ವರ್ಗಕ್ರಮದಲ್ಲಿರುವ ಶಬ್ದಗಳನ್ನು ಅಕಾರಾದಿ ನಿಘಂಟಿನಲ್ಲಿ ಹುಡುಕಬೇಕಾದರೆ ಯಾವ ಕೂಡುಲೆಕ್ಕವೂ ನೆರವಾಗದು. ಒಂದೊಂದು ಶಬ್ದವನ್ನೂ ಬೇರೆ ಬೇರೆಯಾಗಿಯೇ ನೋಡಬೇಕು. ಇಲ್ಲಿಯೂ ಹಾಗೆಯೇ. ‘ಹ್ಯೋ’ ಎಂದು ಉಚ್ಚರಿಸುವ, ಕೋಷ್ಟಕವೆಂಬ ಅರ್ಥವುಳ್ಳ ಕಾಂಜಿ ಜಿಸ್‌ನಲ್ಲಿ ೪೧ನೆಯ ಸಾಲಿನ ೨೯ನೆಯ ಮನೆ, ಯೂನಿಕೋಡ್‌ನಲ್ಲಿ ೩೪,೯೨೦. ಇವೆರಡನ್ನೂ ಕೂಡಿಸುವ ಸೂತ್ರವಿಲ್ಲ. ಆರು ಸಾವಿರಕ್ಕೆ ಮಿಕ್ಕ ನಮೂದುಗಳ ಕೋಷ್ಟಕವೇ ಬೇಕು.

ಇದೇ ಅಕ್ಷರವು ಮತ್ತೊಂದು ಅನರ್ಥಕ್ಕೂ ಪ್ರಸಿದ್ಧ ನಿದರ್ಶನ. ಷಿಫ್ಟ್ ಜಿಸ್‌ನಲ್ಲಿ ಇದರ ಬೈಟುಗಳು ೧೪೯, ೯೨. ಅನೇಕ ತಂತ್ರಾಂಶಭಾಷೆಗಳಲ್ಲಿ ೯೨ ಎಂಬುದು ‘ಮುಂದಿನ ಅಕ್ಷರಕ್ಕೆ ವಿಶೇಷಾರ್ಥ’ ಎಂಬ ಆಜ್ಞೆ. ಪರಿವರ್ತಕವು ಅಕ್ಷರವನ್ನು ನೋಡದೆ ಬೈಟನ್ನು ನೋಡಿದರೆ ಕೋಷ್ಟಕವೆಂಬ ಅಕ್ಷರ ಅರ್ಧದಲ್ಲಿ ತುಂಡಾಗಿ, ಹಿಂದುಳಿದ ಬೈಟ್ ಮುಂದಿನ ಅಕ್ಷರದೊಡನೆ ಬೆಸೆದು ಸಾಲೆಲ್ಲ ಕೆಡುತ್ತದೆ. ಇಂತಹ ಕೇಡಿಗೆ ಜಪಾನೀಯರು ‘ಮೊಜಿಬಾಕೆ’ ಎನ್ನುತ್ತಾರೆ. ಅಕ್ಷರಗಳು ವೇಷ ಮರೆಸುವುದು ಎಂದು ತಾತ್ಪರ್ಯ. ಯೂನಿಕೋಡ್‌ನ ‘ಯುಟಿಎಫ್-೮’ ಬೈಟುಗಳನ್ನು ಷಿಫ್ಟ್ ಜಿಸ್ ಎಂದು ಓದಿದರೆ ಹಿರಗಾನದ ಬಹುಭಾಗವು ಒಂದೇ ಒಂದು ಕಾಂಜಿಯ ಪುನರಾವೃತ್ತಿಯಾಗಿ ಕಾಣಿಸುತ್ತದೆ. ಆ ಕಾಂಜಿಯ ಅರ್ಥ ‘ಸಿಕ್ಕುಬೀಳು’ ಎಂಬುದು ಕಾಕತಾಳೀಯ.

ಇವೆಲ್ಲ ಕಣ್ಣಿಗೆ ಬೀಳುವ ದೋಷಗಳು. ಆದುದರಿಂದಲೇ ಇವು ಅಷ್ಟು ಭಯಂಕರವಲ್ಲ. ಮುಂದೆ ಹೇಳತಕ್ಕವು ಕಣ್ಣಿಗೆ ಬೀಳದವು.

೪. ಒಂದು ಅಕ್ಷರಕ್ಕೆ ಎರಡು ಉತ್ತರಗಳು

ಜಿಸ್ ಕೋಶದ ಮೊದಲ ಸಾಲಿನ ೩೩ನೆಯ ಮನೆಯಲ್ಲಿ ಅಲೆಯಂತೆ ಬಾಗಿದ ಒಂದು ಅಡ್ಡಗೆರೆ ಉಂಟು. ‘ಹತ್ತರಿಂದ ಇಪ್ಪತ್ತರ ವರೆಗೆ’ ಎಂಬಲ್ಲಿ ನಡುವೆ ಇಡುವ ಚಿಹ್ನೆ ಅದು. ಜಿಸ್ ಮಾನಕವನ್ನು ಅನುಸರಿಸಿದವರು ಇದನ್ನು ಯೂನಿಕೋಡ್‌ನ ೧೨,೩೧೬ಕ್ಕೆ ಸೇರಿಸಿದರು. ಅದರ ಹೆಸರೇ ಅಲೆಗೆರೆ. ಮೈಕ್ರೋಸಾಫ್ಟಿನ ಕೋಷ್ಟಕವು ಇದನ್ನು ೬೫,೩೭೪ಕ್ಕೆ ಸೇರಿಸಿತು. ಅದು ಅಗಲವಾದ ಟಿಲ್ಡೆ ಎಂಬ ಬೇರೆ ಚಿಹ್ನೆ. ಯೂನಿಕೋಡ್ ಪುಸ್ತಕದಲ್ಲಿ ಅಲೆಗೆರೆಯ ಮಾದರಿ ಚಿತ್ರವು ಉಬ್ಬುತಗ್ಗು ತಲೆಕೆಳಗಾಗಿ ಅಚ್ಚಾಗಿದ್ದುದು ಗೊಂದಲವನ್ನು ಬೆಳೆಸಿತು. ಆ ಚಿತ್ರವನ್ನು ತಿದ್ದಿದುದು ೨೦೧೫ರ ಎಂಟನೆಯ ಆವೃತ್ತಿಯಲ್ಲಿ. ಒಂದು ಕೋಷ್ಟಕದಿಂದ ಒಳಬಂದ ಬರೆಹವನ್ನು ಮತ್ತೊಂದರಿಂದ ಹೊರಗೆ ಕಳುಹಿಸಿದರೆ ಈ ಚಿಹ್ನೆಗೆ ನೆಲೆಯಿಲ್ಲದೆ ಪ್ರಶ್ನಾರ್ಥಕವಾಗುತ್ತದೆ. ‘ಹತ್ತರಿಂದ ಇಪ್ಪತ್ತು’ ಎಂಬುದು ‘ಹತ್ತು? ಇಪ್ಪತ್ತು’ ಎಂದಾಗುತ್ತದೆ. ಋಣಚಿಹ್ನೆ, ಜೋಡಿ ನಿಲುಗೆರೆ, ಪೌಂಡಿನ ಗುರುತು ಮೊದಲಾದ ಇನ್ನು ಕೆಲವಕ್ಕೂ ಇದೇ ಗತಿ.

ಜಪಾನಿನ ನಾಣ್ಯವಾದ ಯೆನ್ನಿನ ಚಿಹ್ನೆಯದು ಇನ್ನೂ ವಿಚಿತ್ರ. ೧೯೬೯ರ ಮಾನಕವು ಅಮೆರಿಕದ ಕ್ರಮದಲ್ಲಿ ಹಿಂಬಾಗಿದ ಗೆರೆಗೆ ಸಲ್ಲುವ ೯೨ನೆಯ ಸ್ಥಾನವನ್ನು ಯೆನ್ನಿಗೆ ಕೊಟ್ಟಿತು. ಹಾಗಾಗಿ ಜಪಾನೀ ಗಣಕಗಳಲ್ಲಿ ಕಡತಗಳ ದಾರಿಯನ್ನು ತೋರುವ ಗೆರೆಯೂ ಯೆನ್ನಿನ ಆಕಾರದಲ್ಲಿಯೇ ಕಾಣಿಸುತ್ತದೆ. ಪರಿವರ್ತಕವು ೯೨ನ್ನು ಯೆನ್ ಎಂದು ಕೊಂಡರೆ ಕಡತಗಳ ದಾರಿ ಮುರಿಯುತ್ತದೆ; ಗೆರೆ ಎಂದು ಕೊಂಡರೆ ಬೆಲೆಪಟ್ಟಿಯಲ್ಲಿ ಹಣದ ಗುರುತು ಹೋಗುತ್ತದೆ. ಬೈಟ್ ಒಂದೇ, ಅರ್ಥ ಎರಡು. ಯಾವುದೆಂಬುದನ್ನು ಹೇಳಬಲ್ಲುದು ಪ್ರಕರಣ ಮಾತ್ರ, ಕೋಷ್ಟಕಕ್ಕೆ ಪ್ರಕರಣಜ್ಞಾನವಿಲ್ಲ.

ಇದಕ್ಕೆ ವಿಪರೀತವಾದುದೂ ಉಂಟು. ಎನ್‌ಇಸಿ, ಐಬಿಎಂ ಸಂಸ್ಥೆಗಳು ತಮಗೆ ಬೇಕಾದ ಅಕ್ಷರಗಳನ್ನು ಖಾಲಿ ಮನೆಗಳಲ್ಲಿ ಸೇರಿಸಿದುವು. ಮೈಕ್ರೋಸಾಫ್ಟಿನ ಕೋಷ್ಟಕವು ಎಲ್ಲವನ್ನೂ ಒಟ್ಟಿಗೆ ಸ್ವೀಕರಿಸಿತು. ಇದರಿಂದ ಗಣಿತದಲ್ಲಿ ‘ಏಕೆಂದರೆ’ ಎಂಬ ಅರ್ಥದ ಮೂರು ಚುಕ್ಕೆಗಳ ಚಿಹ್ನೆಗೆ ಮೂರು ಸ್ಥಾನಗಳಾದುವು. ಯೂನಿಕೋಡ್‌ನಲ್ಲಿ ಅದಕ್ಕೆ ಸ್ಥಾನವೊಂದೇ. ಮೂರು ದಾರಿಗಳು ಒಂದೇ ಬಾಗಿಲಿಗೆ ಬಂದ ಮೇಲೆ, ಬಂದವನು ಯಾವ ದಾರಿಯಿಂದ ಬಂದನೆಂಬುದನ್ನು ಹಿಂದಿರುಗುವಾಗ ತಿಳಿಯಲಾಗದು.

೫. ಮಾನಕವೇ ಬದಲಾದಾಗ

ಇಷ್ಟರ ವರೆಗೆ ಚಿಹ್ನೆಗಳ ವಿಚಾರವಾಯಿತು. ಸಾಹಿತ್ಯಾಭ್ಯಾಸಿಗಳಿಗೆ ನೇರವಾಗಿ ತಗಲುವ ವಿಷಯ ಮುಂದಿನದು. ೧೯೮೩ರ ಪರಿಷ್ಕರಣದಲ್ಲಿ ೨೨ ಜೋಡಿ ಕಾಂಜಿಗಳು ತಮ್ಮ ತಮ್ಮ ಸ್ಥಾನಗಳನ್ನು ಅದಲುಬದಲು ಮಾಡಿಕೊಂಡುವು: ಸಂಪ್ರದಾಯರೂಪವಿದ್ದ ಮೊದಲ ಹಂತದ ಮನೆಗೆ ಸರಳರೂಪ, ಸರಳರೂಪವಿದ್ದ ಎರಡನೆಯ ಹಂತದ ಮನೆಗೆ ಸಂಪ್ರದಾಯರೂಪ. ಜಪಾನೀ ಕಾವ್ಯದಲ್ಲಿ ವಸಂತವನ್ನು ಸಾರುವ ಉಗುಯಿಸು ಎಂಬ ಹಕ್ಕಿಯ ಹೆಸರಿನ ಅಕ್ಷರವೂ ಇವುಗಳಲ್ಲೊಂದು. ಇವಲ್ಲದೆ ಎಷ್ಟೋ ಅಕ್ಷರಗಳು ಇದ್ದ ಮನೆಯಲ್ಲಿಯೇ ಆಕಾರ ಬದಲಾಯಿಸಿದುವು.

ಆಧುನಿಕ ಜಪಾನೀ ಸಾಹಿತ್ಯದ ಹಿರಿಯರಲ್ಲೊಬ್ಬನಾದ ಮೋರಿ ಓಗಾಯ್ (೧೮೬೨–೧೯೨೨) ಎಂಬ ಲೇಖಕನ ಕಾವ್ಯನಾಮದ ಮೊದಲಕ್ಷರಕ್ಕೆ ಕಡಲಹಕ್ಕಿ ಎಂದರ್ಥ. ಆ ಅಕ್ಷರದ ಎಡಭಾಗದಲ್ಲಿ ಮೂರು ಬಾಯಿಗಳ ಚಿಹ್ನೆಯೊಂದು ಆವರಣದೊಳಗೆ ಇರಬೇಕು. ೧೯೭೮ರ ಕೋಶದ ೧೮ನೆಯ ಸಾಲಿನ ೧೦ನೆಯ ಮನೆಯಲ್ಲಿ ಅದು ಹಾಗೆಯೇ ಇತ್ತು. ೧೯೮೩ರಲ್ಲಿ ಅದೇ ಮನೆಯಲ್ಲಿ ಮೂರು ಬಾಯಿಗಳ ಬದಲು ಬರಿಯ ಗುಣಾಕಾರದ ಗೀಟು ಬಂದು ಕುಳಿತಿತು. ಯೂನಿಕೋಡ್ ಈ ಎರಡು ರೂಪಗಳಿಗೂ ಬೇರೆ ಬೇರೆ ಸಂಖ್ಯೆಗಳನ್ನು ಕೊಟ್ಟಿದೆ: ಸಂಪ್ರದಾಯರೂಪಕ್ಕೆ ೪೦,೪೦೭, ಸರಳರೂಪಕ್ಕೆ ೪೦,೨೦೬. ರೂಢಿಯಲ್ಲಿರುವ ಕೋಷ್ಟಕಗಳು ೧೮ನೆಯ ಸಾಲಿನ ೧೦ನೆಯ ಮನೆಯನ್ನು ಎರಡನೆಯದಕ್ಕೆ ಸೇರಿಸುವುವು. ಆದುದರಿಂದ ೧೯೭೮ರ ಮಾನಕದಂತೆ ನಮೂದಾದ ಬರೆಹದಲ್ಲಿ ಸರಿಯಾಗಿದ್ದ ಓಗಾಯನ ಹೆಸರು, ದೋಷವಿಲ್ಲದ ಪರಿವರ್ತಕದ ಮೂಲಕವೇ ಬೇರೆ ರೂಪವನ್ನು ತಾಳುತ್ತದೆ. ಸಂಪ್ರದಾಯರೂಪಕ್ಕೆ ಜಿಸ್ ಮಾನಕಗಳಲ್ಲಿ ಒಂದು ಮನೆ ಅನಂತರ ದೊರೆಯಿತಾದರೂ ಹಳೆಯ ಕಡತಗಳು ತಾವಾಗಿ ತಿದ್ದಿಕೊಳ್ಳುವುದಿಲ್ಲ.

ಇದನ್ನು ತಪ್ಪಿಸಲು ಉಪಾಯವಿಲ್ಲದಿಲ್ಲ. ಐಎಸ್ಒ ಕ್ರಮದ ಗುರುತಿನಲ್ಲಿ ೨೭, ೩೬, ೬೪ ಎಂದಿದ್ದರೆ ೧೯೭೮ರ ಕೋಶ; ೨೭, ೩೬, ೬೬ ಎಂದಿದ್ದರೆ ೧೯೮೩ರದು. ಕೊನೆಯ ಬೈಟಿನಲ್ಲಿ ಎರಡರ ಅಂತರ, ಅಷ್ಟೆ. ಆದರೆ ಬಹುಮಟ್ಟಿನ ತಂತ್ರಾಂಶಗಳು ಈ ಎರಡು ಗುರುತುಗಳನ್ನೂ ಒಂದೆಂದೇ ಭಾವಿಸುವುವು. ಇಯುಸಿ, ಷಿಫ್ಟ್ ಜಿಸ್‌ಗಳಲ್ಲಂತೂ ಇಂತಹ ಗುರುತೇ ಇಲ್ಲ. ಅಲ್ಲಿ ಕಡತವನ್ನು ಯಾವಾಗ, ಯಾವ ಯಂತ್ರದಲ್ಲಿ ಬರೆದರೆಂಬ ಇತಿಹಾಸವೇ ಪ್ರಮಾಣ.

೬. ಭೂತಾಕ್ಷರಗಳು

ಕೋಶವನ್ನು ರಚಿಸಿದವರು ಊರುಗಳ ಮತ್ತು ವ್ಯಕ್ತಿಗಳ ಹೆಸರುಗಳ ಪಟ್ಟಿಗಳಿಂದ ಅಕ್ಷರಗಳನ್ನು ಆಯ್ದರು. ಯಾವ ನಿಘಂಟಿನಲ್ಲಿಯೂ ದೊರೆಯದ, ಅರ್ಥವೂ ಉಚ್ಚಾರಣೆಯೂ ತಿಳಿಯದ ಕೆಲವು ಅಕ್ಷರಗಳು ಕೋಶದಲ್ಲಿರುವುದು ಬಳಿಕ ಕಂಡುಬಂತು. ಇವುಗಳಿಗೆ ಭೂತಾಕ್ಷರಗಳೆಂದು ಹೆಸರಾಯಿತು. ೧೯೯೭ರ ಪರಿಷ್ಕರಣದ ಸಂದರ್ಭದಲ್ಲಿ ವಿದ್ವಾಂಸರು ಮೂಲಪಟ್ಟಿಗಳನ್ನು ಶೋಧಿಸಿದರು. ಒಂದರ ಕಥೆ ಹೀಗಿದೆ. ಷಿಗಾ ಪ್ರಾಂತ್ಯದ ಒಂದು ಊರಿನ ಹೆಸರಿನಲ್ಲಿ, ಮೇಲೆ ‘ಬೆಟ್ಟ’ ಕೆಳಗೆ ‘ಹೆಣ್ಣು’ ಎಂಬ ಅವಯವಗಳುಳ್ಳ ಅಕ್ಷರವೊಂದಿದೆ. ಅಚ್ಚಿನ ಮೊಳೆಯಿಲ್ಲದ ಕಾರಣ ಎರಡು ತುಂಡುಗಳನ್ನು ಕತ್ತರಿಸಿ ಅಂಟಿಸಿದ್ದರು. ಅಂಟಿನ ಸಂದಿನ ನೆರಳು ಅಡ್ಡಗೆರೆಯಾಗಿ ಮೂಡಿತು. ನಕಲು ಮಾಡಿದವರು ಆ ಗೆರೆಯನ್ನೂ ಅಕ್ಷರದ ಅಂಗವೆಂದೇ ಬಗೆದರು. ಹೀಗೆ ನೆರಳೊಂದು ಅಕ್ಷರವಾಯಿತು. ಯೂನಿಕೋಡ್‌ನಲ್ಲಿ ಅದರ ಸಂಖ್ಯೆ ೨೨,೯೩೯. ಎಡಗಡೆ ‘ಬಿಲ್ಲು’ ಉಳ್ಳ ಇನ್ನೊಂದು ಅಕ್ಷರದ ಮೂಲ ಆ ಶೋಧನೆಯಲ್ಲಿಯೂ ಗೊತ್ತಾಗಲಿಲ್ಲ. ಲಿಪಿಕಾರಪ್ರಮಾದದಿಂದ ಹುಟ್ಟಿದ ಪಾಠಗಳನ್ನು ಬಲ್ಲವರಿಗೆ ಇದರಲ್ಲಿ ಆಶ್ಚರ್ಯವಿಲ್ಲ.

ಹಾಗಾದರೆ ಇವನ್ನು ಏಕೆ ತೆಗೆದುಹಾಕಬಾರದು? ತೆಗೆಯಲಾಗದು, ಒಮ್ಮೆ ಕೊಟ್ಟ ಸ್ಥಾನವನ್ನು ಹಿಂದಕ್ಕೆ ಪಡೆಯಬಾರದೆಂಬುದು ಯೂನಿಕೋಡ್‌ನ ನಿಯಮ. ಕೊಟ್ಟ ಹೆಸರನ್ನೂ ಬದಲಾಯಿಸುವಂತಿಲ್ಲ. ಇದರ ಫಲವನ್ನು ಕನ್ನಡವೂ ಉಣ್ಣುತ್ತಿದೆ. ಹಳಗನ್ನಡದ ೞಕಾರಕ್ಕೆ ಯೂನಿಕೋಡ್‌ನಲ್ಲಿ ೩,೨೯೪ ಎಂಬ ಸ್ಥಾನವಿದೆ. ಆದರೆ ಅದರ ಆಂಗ್ಲ ನಾಮವು ಪ್ರಮಾದದಿಂದ ‘ಫ’ ಅಕ್ಷರವೆಂದು ದಾಖಲಾಗಿಹೋಯಿತು. ಹೆಸರನ್ನು ತಿದ್ದಲಾಗದೆ, ಸರಿಯಾದ ಹೆಸರನ್ನು ಪರ್ಯಾಯನಾಮವಾಗಿ ಪಕ್ಕದಲ್ಲಿ ಇರಿಸಿದ್ದಾರೆ. ಈ ನಿಯಮ ಕಠಿನವೆನಿಸಿದರೂ ಅವಶ್ಯ. ಸ್ಥಾನಗಳು ಮತ್ತೆ ಮತ್ತೆ ಬದಲಾದರೆ ಏನಾಗುವುದೆಂಬುದನ್ನು ೧೯೮೩ರ ಪರಿಷ್ಕರಣವೇ ತೋರಿಸಿಕೊಟ್ಟಿದೆ.

೭. ಏಕೀಕರಣವನ್ನು ಕುರಿತ ಆಕ್ಷೇಪ

ಚೀನ, ಜಪಾನ್, ಕೊರಿಯ ದೇಶಗಳಲ್ಲಿ ಬಳಕೆಯಲ್ಲಿರುವ ಒಂದೇ ಮೂಲದ ಅಕ್ಷರಗಳಿಗೆ ಯೂನಿಕೋಡ್ ಒಂದೇ ಸಂಖ್ಯೆಯನ್ನು ಕೊಟ್ಟು, ಮೊದಲಿಗೆ ೨೦,೯೦೨ ಅಕ್ಷರಗಳ ಒಂದು ಗಣವನ್ನು ಮಾಡಿತು. ಇದಕ್ಕೆ ಜಪಾನಿನಲ್ಲಿ ಪ್ರಬಲವಾದ ಆಕ್ಷೇಪ ಬಂತು. ದೇಶದೇಶಕ್ಕೆ ಗೆರೆಗಳ ವಿನ್ಯಾಸ ಭಿನ್ನ. ಭಿನ್ನವಾದುದನ್ನು ಒಂದೆಂದರೆ ಲಿಪಿಗೆ ಅಪಚಾರವಾಗುವುದಿಲ್ಲವೆ? ಇದು ಪೂರ್ವಪಕ್ಷ.

ಸಮಾಧಾನವು ಎರಡು ಬಗೆ. ಒಂದನೆಯದು: ಅಕ್ಷರ ಬೇರೆ, ಅಕ್ಷರದ ಆಕೃತಿ ಬೇರೆ; ಒಬ್ಬೊಬ್ಬರ ಕೈಬರೆಹದಲ್ಲಿ ಕಕಾರ ಒಂದೊಂದು ತೆರನಾದರೂ ಕಕಾರವೇ. ಎರಡನೆಯದು: ಯಾವುದಾದರೊಂದು ಮೂಲಕೋಶವು ಎರಡು ರೂಪಗಳನ್ನು ಬೇರೆ ಬೇರೆ ಮನೆಗಳಲ್ಲಿ ಇರಿಸಿದ್ದರೆ ಯೂನಿಕೋಡ್ ಕೂಡ ಅವನ್ನು ಬೇರೆಯಾಗಿಯೇ ಇರಿಸಬೇಕೆಂದು ನಿಯಮ ಮಾಡಲಾಯಿತು. ಕತ್ತಿ ಎಂಬರ್ಥದ ‘ಕೆನ್’ ಅಕ್ಷರಕ್ಕೆ ಜಿಸ್ ಕೋಶದಲ್ಲಿ ಆರು ರೂಪಗಳು. ಯೂನಿಕೋಡ್‌ನಲ್ಲಿಯೂ ಆರು ಸಂಖ್ಯೆಗಳು. ಹೀಗೆ ಜಿಸ್ ಕೋಶದಿಂದ ಯೂನಿಕೋಡ್‌ಗೆ ಹೋದ ಅಕ್ಷರವು ಹಾಗೆಯೇ ಹಿಂದಿರುಗಿ ಬರುವಂತಾಯಿತು.

ಆದರೂ ಆಕ್ಷೇಪದಲ್ಲಿ ಸತ್ಯಾಂಶವಿಲ್ಲವೆನ್ನಲಾಗದು. ನಾರಾ ಪ್ರಾಂತ್ಯದ ಕತ್ಸುರಾಗಿ ನಗರವೂ ಟೋಕಿಯೋವಿನ ಕತ್ಸುಷಿಕಾ ವಿಭಾಗವೂ ತಮ್ಮ ಹೆಸರಿನ ಮೊದಲಿಗೆ ಒಂದೇ ಕಾಂಜಿಯನ್ನು ಬರೆಯುತ್ತವೆ. ಆದರೆ ಅದರ ಕೆಳಭಾಗದ ಗೆರೆಗಳ ವಿನ್ಯಾಸ ಎರಡು ಊರುಗಳಲ್ಲಿ ಬೇರೆ ಬೇರೆ. ಯೂನಿಕೋಡ್ ಸಂಖ್ಯೆ ಎರಡಕ್ಕೂ ೩೩,೮೮೩. ೨೦೦೪ರಲ್ಲಿ ಜಿಸ್ ಮಾನಕವು ೧೬೮ ಅಕ್ಷರಗಳ ಮಾದರಿ ಆಕೃತಿಯನ್ನು ಬದಲಾಯಿಸಿದಾಗ, ಒಂದು ಊರಿನ ಹೆಸರು ಯಂತ್ರದಲ್ಲಿ ಸರಿಯಾಯಿತು, ಇನ್ನೊಂದರದು ಭಿನ್ನವಾಯಿತು. ಅಕ್ಷರದ ಜತೆಯಲ್ಲಿ ರೂಪಭೇದವನ್ನು ಸೂಚಿಸುವ ಮತ್ತೊಂದು ಸಂಕೇತವನ್ನು ಇಡುವ ವ್ಯವಸ್ಥೆ ಬಂದುದು ಇದರ ಪರಿಹಾರಕ್ಕಾಗಿ. ಜಪಾನೀ ರೂಪಭೇದಗಳ ಮೊದಲ ಸಂಗ್ರಹ ೨೦೦೭ರಲ್ಲಿ ದಾಖಲಾಯಿತು. ಆದರೆ ಹಳೆಯ ಕಡತದಲ್ಲಿ ಇಲ್ಲದ ಭೇದವನ್ನು ಪರಿವರ್ತಕವು ತಾನಾಗಿ ಸೃಷ್ಟಿಸಲಾರದು. ಅದು ಊರನ್ನು ಬಲ್ಲವರ ಕೆಲಸ.

೮. ಪರಿವರ್ತನೆ ಮಾಡುವವರ ಕರ್ತವ್ಯ

ಮೇಲಿನ ವಿಚಾರದಿಂದ ಕೆಲವು ನಿಯಮಗಳು ಫಲಿಸುತ್ತವೆ. ಮೊದಲನೆಯದಾಗಿ, ಮೂಲದ ಸಂಕೇತಕ್ರಮವನ್ನು ಊಹೆಯಿಂದ ನಿರ್ಧರಿಸಬಾರದು. ಐಎಸ್ಒ ಕ್ರಮವನ್ನು ಅದರ ಗುರುತುಗಳಿಂದ ತಿಳಿಯಬಹುದು. ಇಯುಸಿಯನ್ನೂ ಷಿಫ್ಟ್ ಜಿಸ್ಸನ್ನೂ ಚಿಕ್ಕ ಬರೆಹದಲ್ಲಿ ಬೈಟುಗಳಿಂದಲೇ ವಿಂಗಡಿಸುವುದು ಅನೇಕ ವೇಳೆ ಅಸಾಧ್ಯ. ಎರಡನೆಯದಾಗಿ, ‘ಷಿಫ್ಟ್ ಜಿಸ್’ ಎಂದಷ್ಟೇ ಹೇಳಿದರೆ ಸಾಲದು. ಮೈಕ್ರೋಸಾಫ್ಟಿನ ಕೋಷ್ಟಕವೋ ಜಿಸ್ಸಿನ ಕೋಷ್ಟಕವೋ ಎಂಬುದನ್ನು ದಾಖಲಿಸಿ, ಹೋಗುವಾಗಲೂ ಬರುವಾಗಲೂ ಅದನ್ನೇ ಬಳಸಬೇಕು. ಮೂರನೆಯದಾಗಿ, ಕೋಷ್ಟಕದಲ್ಲಿಲ್ಲದ ಅಕ್ಷರ ಬಂದಲ್ಲಿ ತಂತ್ರಾಂಶವು ಮೌನವಾಗಿ ಅದನ್ನು ನುಂಗದೆ ನಿಂತು ಹೇಳಬೇಕು. ಜಪಾನಿನ ಮುದ್ರಕರು ಮೊಳೆ ಸಿಕ್ಕದ ಕಡೆ ಯಾವುದಾದರೊಂದು ಮೊಳೆಯನ್ನು ತಲೆಕೆಳಗಾಗಿ ಇಟ್ಟು ‘ಗೆತಾ’ ಎಂಬ ಮರದ ಪಾದುಕೆಯ ಹಲ್ಲಿನಂತಹ ಎರಡು ಕಪ್ಪು ಪಟ್ಟಿಗಳನ್ನು ಮೂಡಿಸುತ್ತಿದ್ದರು. ‘ಇಲ್ಲಿ ಒಂದು ಅಕ್ಷರ ಬರಬೇಕಾಗಿದೆ’ ಎಂಬ ಪ್ರಾಮಾಣಿಕವಾದ ಸೂಚನೆ ಅದು. ಆ ಗುರುತಿಗೂ ಜಿಸ್ ಕೋಶದಲ್ಲಿ ಒಂದು ಮನೆಯುಂಟು.

ನಾಲ್ಕನೆಯದು ಪರೀಕ್ಷೆಯ ವಿಷಯ. ಬರೆಹವನ್ನು ಯೂನಿಕೋಡ್‌ಗೆ ಒಯ್ದು ಮರಳಿ ತಂದು, ಮೊದಲಿನ ಬೈಟುಗಳೇ ಬಂದುವೇ ಎಂದು ನೋಡುವುದು ವಾಡಿಕೆ. ಇದು ಅವಶ್ಯವಾದ ಪರೀಕ್ಷೆ, ಆದರೆ ಪರ್ಯಾಪ್ತವಾದುದಲ್ಲ. ಓಗಾಯನ ಹೆಸರು ತಪ್ಪು ರೂಪದಲ್ಲಿ ಹೋಗಿ ಅ ದೇ ಮನೆಗೆ ಮರಳುತ್ತದೆ. ಬೈಟುಗಳು ಸರಿಯಾಗಿವೆಯೆಂದು ಯಂತ್ರ ಒಪ್ಪುತ್ತದೆ. ಏನೂ ಕಳೆಯಲಿಲ್ಲವೆಂಬುದನ್ನು ಈ ಪರೀಕ್ಷೆ ಹೇಳಬಲ್ಲುದು. ಓದಿದುದು ಸರಿಯೆಂಬುದನ್ನು ಹೇಳಲಾರದು. ಆದಕಾರಣ ಹೆಸರುಗಳನ್ನು ಅಚ್ಚಾದ ಮೂಲದೊಡನೆ ಕಣ್ಣಿನಿಂದಲೇ ಒಪ್ಪಿಟ್ಟು ನೋಡಬೇಕು. ಐದನೆಯದಾಗಿ, ಪರಿವರ್ತನೆ ಮುಗಿಯಿತೆಂದು ಮೂಲಕಡತವನ್ನು ಅಳಿಸಬಾರದು. ಹೊಸ ಪ್ರತಿ ಸಿದ್ಧವಾಯಿತೆಂದು ಓಲೆಯನ್ನು ಒಲೆಗೆ ಹಾಕುವ ಸಂಪಾದಕನಿಲ್ಲ.

ಈ ನಿಯಮಗಳು ಜಪಾನಿಗೆ ಮಾತ್ರ ಸಲ್ಲತಕ್ಕವಲ್ಲ. ನುಡಿ ಮೊದಲಾದ ತಂತ್ರಾಂಶಗಳ ಹಳೆಯ ಅಕ್ಷರಶೈಲಿಗಳಲ್ಲಿ ಕೂಡಿಸಿದ ಕನ್ನಡ ಪುಸ್ತಕಗಳ ಕಡತಗಳು, ಆ ಶೈಲಿ ಇಲ್ಲದ ಯಂತ್ರದಲ್ಲಿ ರೋಮನ್ ಅಕ್ಷರಗಳ ರಾಶಿಯಾಗಿ ಕಾಣುತ್ತವೆ. ಅವನ್ನು ಯೂನಿಕೋಡ್‌ಗೆ ತರುವಾಗಲೂ ಒತ್ತಕ್ಷರ, ಅರ್ಕಾವತ್ತು, ಱ ೞಗಳಂತಹ ಎಡೆಗಳಲ್ಲಿ ‘ಇದು ಯಾವ ಅಕ್ಷರ?’ ಎಂಬ ಪ್ರಶ್ನೆಯೇ ಏಳುತ್ತದೆ. ಹಳಗನ್ನಡ ಕಾವ್ಯವನ್ನು ಹೀಗೆ ಪರಿವರ್ತಿಸುವಾಗ ಕರಡನ್ನು ತಿದ್ದಬಲ್ಲವರು ಆ ಕಾವ್ಯವನ್ನು ಓದಿದವರೇ. ಪರಿವರ್ತನೆಯ ಕೆಲಸವನ್ನು ತಂತ್ರಜ್ಞರ ಪಾಲಿಗೇ ಬಿಟ್ಟು ವಿದ್ವಾಂಸರು ದೂರ ಉಳಿದರೆ ಕೋಷ್ಟಕವು ಹೇಳಿದುದೇ ಮುಂದಿನವರಿಗೆ ಮೂಲಪಾಠವಾಗಿ ನಿಲ್ಲುವುದು.